ಬ್ಯಾಕ್ಟೀರಿಯಾಗಳ ಜೆರಾಕ್ಸ್ ಅಂಗಡಿ

"ಜಾಸ್ತಿ ಮಾತ್ರೆ ನುಂಗಿದ್ರೆ ಮೈಗೆ ಒಗ್ಗಿಹೋಗುತ್ತೆ, ಆಮೇಲೆ ಯಾವ ಔಷಧಿಯೂ ಹಿಡಿಯಲ್ಲ." ಓದಿದವರ ಬಾಯಲ್ಲೂ ಇದೇ ಮಾತು. ಒಗ್ಗುವುದು ನಮ್ಮ ಮೈ ಅಲ್ಲ. ಆ್ಯಂಟಿಬಯೋಟಿಕ್‌ಗೆ ಜಗ್ಗದಂತಾಗುವುದು ಬ್ಯಾಕ್ಟೀರಿಯಾ. ಅದೂ ಎಷ್ಟೋ ಸಲ ಸ್ವಂತ ದುಡಿಮೆಯಿಂದಲ್ಲ, ನೆರೆಯ ಬ್ಯಾಕ್ಟೀರಿಯಾದ ಕೃಪೆಯಿಂದ.

ಇದು ಗೊತ್ತಾಗಿದ್ದು ಜಪಾನಿನಲ್ಲಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಲ್ಲಿ ರಕ್ತಭೇದಿಯ ಕಾಟ. ಸಲ್ಫಾ ಔಷಧಿ ಕೊಟ್ಟರು, ಕೆಲವೇ ವರ್ಷಗಳಲ್ಲಿ ಅದು ಸೋತಿತು. ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್, ಕ್ಲೋರಾಂಫೆನಿಕಾಲ್ ಬಂದವು. 1950ರ ದಶಕದ ನಡುವಿನಲ್ಲಿ ಈ ನಾಲ್ಕಕ್ಕೂ ಬಗ್ಗದ ಶಿಗೆಲ್ಲಾ, ಅಂದರೆ ರಕ್ತಭೇದಿ ತರುವ ಬ್ಯಾಕ್ಟೀರಿಯಾ, ಸಿಕ್ಕಿತು. ನಾಲ್ಕು ಬೇರೆ ಬೇರೆ ಮ್ಯುಟೇಶನ್‌ಗಳು (ಡಿಎನ್ಎಯಲ್ಲಿ ಆಗುವ ಆಕಸ್ಮಿಕ ಬದಲಾವಣೆಗಳು) ಒಂದೇ ಕೋಶದಲ್ಲಿ ಒಟ್ಟಿಗೇ ಆಗುವುದುಂಟೇ? ಲೆಕ್ಕ ಕೂಡುತ್ತಿರಲಿಲ್ಲ. ರೋಗಿಗಳ ಕರುಳಿನಲ್ಲಿದ್ದ ಪಾಪದ ಇ. ಕೋಲೈ ಬ್ಯಾಕ್ಟೀರಿಯಾ ಕೂಡ ಅದೇ ನಾಲ್ಕಕ್ಕೆ ಜಗ್ಗುತ್ತಿರಲಿಲ್ಲ. 1959ರಲ್ಲಿ ಒಚಿಯಾಯಿ ಮತ್ತು ಅಕಿಬಾ ಎಂಬ ವಿಜ್ಞಾನಿಗಳು, ಅಂಥ ಇ. ಕೋಲೈ ಜೊತೆ ಸಾಧಾರಣ ಶಿಗೆಲ್ಲಾವನ್ನು ಸೇರಿಸಿ ಬೆಳೆಸಿದಾಗ ಗುಟ್ಟು ಹೊರಬಿತ್ತು. ನಾಲ್ಕೂ ಗುಣಗಳು ಒಂದೇ ಏಟಿಗೆ ದಾಟಿದ್ದವು!

ದಾಟಿಸುವುದು ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್ಎ ಬಳೆ. ಅದು ಮುಖ್ಯ ಡಿಎನ್ಎಯಿಂದ ಬೇರೆಯಾಗಿಯೇ ಇರುತ್ತದೆ. ಕೊಡುವ ಬ್ಯಾಕ್ಟೀರಿಯಾ ಕೂದಲಿನಂಥ ಎಳೆಯೊಂದನ್ನು ಚಾಚಿ ಪಕ್ಕದ್ದನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತದೆ. ಬಳೆಯ ಎರಡು ಎಳೆಗಳಲ್ಲಿ ಒಂದು ಬಿಚ್ಚಿಕೊಂಡು ಆಚೆ ಹೋಗುತ್ತದೆ. ಇಲ್ಲದ ಎಳೆಯನ್ನು ಆಮೇಲೆ ಎರಡೂ ಬ್ಯಾಕ್ಟೀರಿಯಾಗಳು ಹೊಸದಾಗಿ ಹೆಣೆದುಕೊಳ್ಳುತ್ತವೆ. ಪರೀಕ್ಷೆಯ ಹಿಂದಿನ ದಿನ ನೋಟ್ಸ್ ಜೆರಾಕ್ಸ್ ಮಾಡಿಸಿಕೊಂಡ ಹಾಗೆ: ಕೊಟ್ಟವನ ನೋಟ್ಸ್ ಅವನಲ್ಲೇ ಇದೆ, ಪಡೆದವನು ಇನ್ನೊಬ್ಬನಿಗೆ ಕೊಡಬಹುದು. ಕೊಡುವವನೂ ಪಡೆಯುವವನೂ ಒಂದೇ ಜಾತಿಯವರಾಗಿರಬೇಕಿಲ್ಲ. ನನಗೆ ತುಂಬಾ ಇಷ್ಟವಾಗುವುದು ಈ ಭಾಗವೇ.

ಇನ್ನು ಐಸಿಯು ನೆನೆಸಿಕೊಳ್ಳಿ. ಅಲ್ಲಿ ಹೆಚ್ಚಿನವರಿಗೆ ಆ್ಯಂಟಿಬಯೋಟಿಕ್ ನಡೆದಿರುತ್ತದೆ. ಮೂತ್ರದ ಕೊಳವೆ, ವೆಂಟಿಲೇಟರ್ ಕೊಳವೆ, ಕೈತೊಳೆಯುವ ಸಿಂಕಿನ ಪೈಪು, ಎಲ್ಲೆಡೆ ಲೋಳೆಯ ಪದರದಲ್ಲಿ ಬಗೆಬಗೆಯ ಬ್ಯಾಕ್ಟೀರಿಯಾಗಳು ಒತ್ತೊತ್ತಾಗಿ ಕೂತಿರುತ್ತವೆ. ಪ್ಲಾಸ್ಮಿಡ್ ಇಲ್ಲದವು ಔಷಧಿಗೆ ಸತ್ತರೆ ಇರುವವುಗಳಿಗೆ ಜಾಗವೂ ಊಟವೂ ಪುಕ್ಕಟೆ.

2008ರಲ್ಲಿ ನವದೆಹಲಿಯಲ್ಲಿ ಚಿಕಿತ್ಸೆ ಪಡೆದು ಸ್ವೀಡನ್‌ಗೆ ಮರಳಿದ ರೋಗಿಯೊಬ್ಬರಲ್ಲಿ ಸಿಕ್ಕ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ, ಕೊನೆಯ ಅಸ್ತ್ರವೆಂದು ಇಟ್ಟುಕೊಂಡಿದ್ದ ಕಾರ್ಬಪೆನಂ ಔಷಧಿಗಳನ್ನೇ ಒಡೆದುಹಾಕುತ್ತಿತ್ತು. ಒಡೆಯುವ ಕೆಲಸ ಮಾಡುತ್ತಿದ್ದ ಕಿಣ್ವಕ್ಕೆ (ಎನ್‌ಜೈಮ್‌ಗೆ) ಎನ್‌ಡಿಎಂ-1 ಎಂದು ಹೆಸರಿಟ್ಟರು. ಹೆಸರಲ್ಲಿ ನವದೆಹಲಿ ಇದೆ ಅಂತ ನಮ್ಮಲ್ಲಿ ದೊಡ್ಡ ಗದ್ದಲವೇ ಆಯಿತು. ಅದೇ ರೋಗಿಯ ಮಲದಲ್ಲಿದ್ದ ಇ. ಕೋಲೈಯಲ್ಲೂ ಆ ಕಿಣ್ವ ತಯಾರಿಸುವ ಅದೇ ಜೀನ್ ಸಿಕ್ಕಿತ್ತು. ಗದ್ದಲ ಆಗಬೇಕಿದ್ದದ್ದು ಇದಕ್ಕೆ ಅಲ್ವಾ?