ಬಸ್ಟರ್ ಕೀಟನ್: ಮುಖ ಬಿಡಿ, ಕ್ಯಾಮೆರಾ ಎಲ್ಲಿದೆ ನೋಡಿ

ಅಮೆರಿಕದ ಮೂಕಿ ಚಿತ್ರಗಳ ಹಾಸ್ಯನಟ, ನಿರ್ದೇಶಕ ಬಸ್ಟರ್ ಕೀಟನ್ ಎಂದರೆ ‘ನಗದ ಮುಖ’ ಎಂದು ಎಲ್ಲರೂ ಶುರು ಮಾಡುತ್ತಾರೆ. ಅಭ್ಯಾಸಕ್ಕೆ ಕೂತವರಿಗೆ ಅದರಿಂದ ದೊಡ್ಡ ಪ್ರಯೋಜನವಿಲ್ಲ, ಪೂರ್ತಿ ನಿಜವೂ ಅಲ್ಲ. 1917ರಲ್ಲಿ ಹಾಸ್ಯನಟ ರಾಸ್ಕೋ ಅರ್ಬಕಲ್ ಜೊತೆ ಮಾಡಿದ ‘ಕೋನಿ ಐಲೆಂಡ್’ ನೋಡಿ, ಆತ ಹಲ್ಲು ಬಿಟ್ಟು ನಗುತ್ತಾನೆ. ಮುಖ ಬಿಗಿಹಿಡಿಯುವುದನ್ನು ಕಲಿತದ್ದು ಇನ್ನೂ ಮೊದಲು, ಅಪ್ಪ ಅಮ್ಮನ ಜೊತೆ ವಾಡೆವಿಲ್ (ಹಾಡು, ಕುಣಿತ, ಹಾಸ್ಯದ ತುಣುಕುಗಳ ಪ್ರದರ್ಶನ) ರಂಗದ ಮೇಲೆ. ಅಪ್ಪ ಹುಡುಗನನ್ನು ಎತ್ತಿ ಎಸೆಯುವುದೇ ಆಟ. ಹಿಡಿಯಲು ಅನುಕೂಲವಾಗಲೆಂದು ಅವನ ಕೋಟಿಗೆ ಸೂಟ್‌ಕೇಸಿನ ಹಿಡಿ ಹೊಲಿದಿದ್ದರು. ಬಿದ್ದವನು ತಾನೇ ನಕ್ಕರೆ ಜನ ನಗುವುದಿಲ್ಲ ಎಂಬುದು ಅಲ್ಲಿ ಸಿಕ್ಕ ಪಾಠ.

ಈ ಟಿಪ್ಪಣಿಯಲ್ಲಿ ಹಿಡಿದಿರುವ ಎಳೆ ಒಂದೇ. ಕೀಟನ್ ಗ್ಯಾಗ್ (ನಗಿಸಲು ಹೆಣೆದ ಪ್ರಸಂಗ) ನಂಬಿಕೆಗೆ ಬರುವುದು ಆತನ ಇಡೀ ಮೈ, ಜೊತೆಗಿರುವ ಇಡೀ ಯಂತ್ರ ಅಥವಾ ಕಟ್ಟಡ, ಎರಡೂ ಒಂದೇ ಶಾಟ್‌ನಲ್ಲಿ ಕಟ್ ಇಲ್ಲದೆ ಕಂಡಾಗ. ಆ ಶಾಟ್ ಹೇಗಿರಬೇಕು ಎಂದು ತೀರ್ಮಾನಿಸುವ ಅಧಿಕಾರ ಅವನ ಕೈಲಿ ಇದ್ದದ್ದು ಸುಮಾರು 1920ರಿಂದ 1928ರವರೆಗೆ. ವೃತ್ತಿಜೀವನದ ಏರಿಳಿತವನ್ನೂ ಇದರ ಮೇಲೇ ಓದಬಹುದು.

ನೋಡುವ ಮೊದಲು ಪ್ರಿಂಟ್ ಪರೀಕ್ಷೆ

ಕೆಟ್ಟ ಪ್ರಿಂಟ್ ನೋಡಿ ‘ಇದರಲ್ಲೇನಿದೆ’ ಎನ್ನುವವರೇ ಜಾಸ್ತಿ. ಮೂರು ಕಡೆ ಗಮನ ಕೊಡಿ.

ಮೊದಲನೆಯದು ವೇಗ. 35 ಎಂಎಂ ಫಿಲ್ಮ್‌ನಲ್ಲಿ ಅಡಿಗೆ 16 ಫ್ರೇಮ್. ಸಾವಿರ ಅಡಿಯ ಒಂದು ರೀಲ್ ಎಂದರೆ 16,000 ಫ್ರೇಮ್. ಸೆಕೆಂಡಿಗೆ 24 ಫ್ರೇಮ್‌ನಂತೆ ಓಡಿಸಿದರೆ ಅದು 11 ನಿಮಿಷದಲ್ಲಿ ಮುಗಿಯುತ್ತದೆ, 16ರಂತೆ ಓಡಿಸಿದರೆ 16 ನಿಮಿಷ 40 ಸೆಕೆಂಡ್. ಮೂಕಿ ಕಾಲದಲ್ಲಿ ಕ್ಯಾಮೆರಾವನ್ನು ಕೈಯಲ್ಲಿ ತಿರುಗಿಸುತ್ತಿದ್ದರು, ಥಿಯೇಟರಿನಲ್ಲಿ ಪ್ರೊಜೆಕ್ಟರ್ ಅದಕ್ಕಿಂತ ಜೋರಾಗಿಯೇ ಓಡುತ್ತಿತ್ತು. ಹಾಗಾಗಿ ‘ಸರಿಯಾದ ವೇಗ’ ಎಂಬ ಒಂದೇ ಅಂಕಿ ಇಲ್ಲ; ಒಂದೇ ಚಿತ್ರ ಬೇರೆ ಬೇರೆ ಅವಧಿಯಲ್ಲಿ ಸಿಗುವುದಕ್ಕೆ ಇದೂ ಒಂದು ಕಾರಣ. ಪರೀಕ್ಷಿಸಬೇಕಾದರೆ ನಾಯಕನನ್ನು ನೋಡಬೇಡಿ. ಹಿನ್ನೆಲೆಯಲ್ಲಿ ಸುಮ್ಮನೆ ನಡೆಯುವವರನ್ನು, ಹೊಗೆಯನ್ನು, ನೀರನ್ನು ನೋಡಿ. ಅವು ಗಡಿಬಿಡಿಯಲ್ಲಿದ್ದರೆ ಪ್ಲೇಯರ್‌ನಲ್ಲಿ ವೇಗ 0.75ಕ್ಕೆ ಇಳಿಸಿ, 24 ಇದ್ದದ್ದು 18 ಆಗುತ್ತದೆ. ಸಂಗೀತ ಎಳೆದಂತಾಗುತ್ತದೆ, ಸದ್ದು ನಿಲ್ಲಿಸಿ. ಕೆಲವು ಪ್ರಿಂಟ್‌ಗಳಲ್ಲಿ ಓಟ ನಿಧಾನವಾಗಲೆಂದು ಫ್ರೇಮ್‌ಗಳನ್ನೇ ಎರಡೆರಡು ಸಲ ಅಚ್ಚು ಹಾಕಿರುತ್ತಾರೆ. ಆ ಕುಲುಕಾಟಕ್ಕೆ ಮದ್ದಿಲ್ಲ, ಬೇರೆ ಪ್ರಿಂಟ್ ಹುಡುಕಿ.

ಎರಡನೆಯದು ಚೌಕಟ್ಟು. ಮೂಲ ಅನುಪಾತ 4:3ಕ್ಕೆ ಹತ್ತಿರ. ಅಗಲ ಪರದೆಗೆ ಹೊಂದಿಸಲು ಮೇಲೆ ಕೆಳಗೆ ಕತ್ತರಿಸಿದ್ದರೆ ಪಾದ ಹೋಗಿರುತ್ತದೆ, ಕೀಟನ್‌ನ ಅರ್ಧ ಅಭಿನಯ ಪಾದದಲ್ಲೇ ಇದೆ. ಧ್ವನಿಪಟ್ಟಿಗೆ ಜಾಗ ಮಾಡಿಕೊಟ್ಟ ಹಳೆಯ ಮರುಮುದ್ರಣಗಳಲ್ಲಿ ಎಡ ಅಂಚು ಕಾಣೆಯಾಗಿರುತ್ತದೆ. ಟೈಟಲ್ ಕಾರ್ಡ್‌ನ ಅಕ್ಷರ ಎಡಕ್ಕೆ ಸರಿದು ಅಂಚಿಗೆ ಅಂಟಿಕೊಂಡಿದ್ದರೆ ಅದೇ ಗುರುತು.

ಮೂರನೆಯದು ಹಕ್ಕು. ಕೂಡಿ ನೋಡುವ ಪ್ರದರ್ಶನ ಇಡುವವರಿಗೆ ಮಾತ್ರ ಇದು ಬೇಕು. ಭಾರತದ ಕಾಯ್ದೆಯಲ್ಲಿ ಸಿನಿಮಾದ ಹಕ್ಕು ಬಿಡುಗಡೆಯಾದ ಮೇಲೆ 60 ವರ್ಷ, ಆದ್ದರಿಂದ ಈ ಮೂಕಿ ಚಿತ್ರಗಳ ಅವಧಿ ಎಂದೋ ಮುಗಿದಿದೆ. ಆದರೆ ಹೊಸದಾಗಿ ಸಂಯೋಜಿಸಿದ ಹಿನ್ನೆಲೆ ಸಂಗೀತಕ್ಕೆ ಪ್ರತ್ಯೇಕ ಹಕ್ಕು ಇರುತ್ತದೆ, ಅದನ್ನು ಮರೆಯಬೇಡಿ.

ಒಂದೇ ಗ್ಯಾಗ್, ಮೂರು ಮಜಲು

ಬೀಳುವ ಗೋಡೆಯ ಗ್ಯಾಗನ್ನು ಹಿಡಿದು ಕೂತರೆ ಕೀಟನ್ ಕೆಲಸದ ರೀತಿ ಅರ್ಧ ಅರ್ಥವಾಗುತ್ತದೆ. ಮೊದಲು ‘ಬ್ಯಾಕ್‌ಸ್ಟೇಜ್’ (1919): ಅರ್ಬಕಲ್ ಮೇಲೆ ನಾಟಕದ ಸೀನರಿಯ ಹಗುರ ಪರದೆಗೋಡೆ ಬೀಳುತ್ತದೆ, ಕಿಟಕಿಯ ಜಾಗದಲ್ಲಿ ಆತ ಉಳಿಯುತ್ತಾನೆ. ಆಮೇಲೆ ‘ಒನ್ ವೀಕ್’ (1920): ಜೋಡಿಸುವ ಮನೆಯ ಗೋಡೆ, ಇನ್ನೂ ಹಗುರದ್ದೇ. ಕೊನೆಗೆ ‘ಸ್ಟೀಮ್‌ಬೋಟ್ ಬಿಲ್ ಜೂನಿಯರ್’ (1928): ಎರಡು ಅಂತಸ್ತಿನ ಮನೆಯ ಇಡೀ ಮುಂಗೋಡೆ, ತೂಕ ಟನ್‌ಗಳಲ್ಲಿ.

ತೂಕ ಯಾಕೆ ಹೆಚ್ಚಿಸಬೇಕಾಯಿತು? ದೃಶ್ಯ ಚಂಡಮಾರುತದ್ದು. ವಿಮಾನದ ಎಂಜಿನ್ ಕೂರಿಸಿದ ಗಾಳಿಯಂತ್ರಗಳು ಓಡುತ್ತಿರುವಾಗ ಹಗುರ ಗೋಡೆ ತಿರುಚಿಕೊಂಡು ಪಕ್ಕಕ್ಕೆ ಸರಿಯುತ್ತದೆ. ನಟ ನಿಂತ ಜಾಗ ಕಿಟಕಿಗೆ ತಪ್ಪುತ್ತದೆ. ಭಾರದ ಗೋಡೆ ಬುಡದ ಕೀಲಿನ ಮೇಲೆ ನೇರ ಬೀಳುತ್ತದೆ. ಅಂದರೆ ಕೊಲ್ಲುವಷ್ಟು ಭಾರವಿದ್ದದ್ದರಿಂದಲೇ ಲೆಕ್ಕ ನಂಬುವಂತಿತ್ತು. ಅಟ್ಟದ ಕಿಟಕಿ ಅವನ ಮೈಯಿಂದ ಕೆಲವೇ ಇಂಚು ದೊಡ್ಡದು. ನಿಲ್ಲುವ ಜಾಗವನ್ನು ಮೊದಲೇ ನೆಲದಲ್ಲಿ ಗುರುತು ಮಾಡಿಟ್ಟರು.

ಈ ಶಾಟನ್ನು ಫ್ರೇಮ್ ಫ್ರೇಮಾಗಿ ಓಡಿಸಿ. ಆತ ಮನೆಗೆ ಬೆನ್ನು ಹಾಕಿ ನಿಂತಿದ್ದಾನೆ. ಗೋಡೆ ಬಿರಿಯುವುದು ನಮಗೆ ಕಾಣುತ್ತದೆ, ಅವನಿಗೆ ಕಾಣುವುದಿಲ್ಲ. ಬೀಳುವಷ್ಟು ಹೊತ್ತೂ ಕಟ್ ಇಲ್ಲ, ಹತ್ತಿರದ ಶಾಟ್ ಇಲ್ಲ. ಮನೆಯ ತುದಿಯಿಂದ ನೆಲದವರೆಗೆ ಎಲ್ಲವೂ ಚೌಕಟ್ಟಿನೊಳಗೆ. ನಡುವೆ ಬೆದರಿದ ಮುಖದ ಒಂದು ಕ್ಲೋಸಪ್ ಹಾಕಿದ್ದರೆ ಎಲ್ಲವೂ ಎಡಿಟಿಂಗ್ ಚಮತ್ಕಾರ ಎಂಬ ಗುಮಾನಿ ಹುಟ್ಟಿ ಗ್ಯಾಗ್ ಸತ್ತೇ ಹೋಗುತ್ತಿತ್ತು. (ಮೂಲ ಯೋಜನೆಯಲ್ಲಿದ್ದದ್ದು ಪ್ರವಾಹ. 1927ರಲ್ಲಿ ಮಿಸಿಸಿಪ್ಪಿ ಉಕ್ಕಿ ಅನಾಹುತವಾದದ್ದರಿಂದ ಚಂಡಮಾರುತವಾಯಿತು.)

ಕಾಣಿಸುವುದು, ಬಚ್ಚಿಡುವುದು

ಕ್ಯಾಮೆರಾ ದೂರ ಇಟ್ಟ ಮಾತ್ರಕ್ಕೆ ಎಲ್ಲ ತೋರಿಸಿದಂತಲ್ಲ. ‘ಒನ್ ವೀಕ್’ ಕೊನೆಯಲ್ಲಿ ಮನೆ ರೈಲು ಹಳಿಯ ಮೇಲೆ ಸಿಕ್ಕಿಕೊಳ್ಳುತ್ತದೆ. ರೈಲು ಬರುತ್ತದೆ, ಗಂಡ ಹೆಂಡತಿ ಕಣ್ಣು ಮುಚ್ಚುತ್ತಾರೆ, ರೈಲು ಪಕ್ಕದ ಹಳಿಯಲ್ಲಿ ಹಾದು ಹೋಗುತ್ತದೆ. ಅಬ್ಬಾ ಎನ್ನುವಷ್ಟರಲ್ಲಿ ಎದುರು ದಿಕ್ಕಿನಿಂದ ಇನ್ನೊಂದು ಬಂದು ಮನೆಯನ್ನು ಪುಡಿ ಮಾಡುತ್ತದೆ. ಎರಡು ಹಳಿ ಇರುವುದು ಮೊದಲು ಗೊತ್ತಾಗದಂತೆ ಕ್ಯಾಮೆರಾದ ಕೋನ ಆರಿಸಿದ್ದಾರೆ. ಸುಳ್ಳು ಹೇಳಿಲ್ಲ, ಹೇಳುವುದನ್ನು ತಡ ಮಾಡಿದ್ದಾರೆ ಅಷ್ಟೆ.

‘ಶೆರ್ಲಾಕ್ ಜೂನಿಯರ್’ (1924)ನಲ್ಲಿ ಕಟ್ ಇದೆ, ಅದೂ ಗ್ಯಾಗ್‌ನ ಮೂಲವಾಗಿಯೇ ಇದೆ. ನಾಯಕ ಸಿನಿಮಾ ಪರದೆಯೊಳಗೆ ಹೊಕ್ಕ ಮೇಲೆ ಹಿನ್ನೆಲೆ ಬದಲಾಗುತ್ತಲೇ ಇರುತ್ತದೆ: ಬೆಂಚಿನ ಮೇಲೆ ಕೂರಲು ಹೋದರೆ ಅದು ರಸ್ತೆ, ಬಂಡೆಯಿಂದ ಸಮುದ್ರಕ್ಕೆ ಹಾರಿದರೆ ಅದು ಹಿಮ. ಅವನ ಭಂಗಿ ಮಾತ್ರ ತಪ್ಪದೆ ಮುಂದುವರಿಯಬೇಕು. ಇದಕ್ಕಾಗಿ ಕ್ಯಾಮೆರಾಕ್ಕೂ ಅವನಿಗೂ ಇರುವ ಅಂತರವನ್ನು ಸರ್ವೆ ಉಪಕರಣಗಳಿಂದ ಅಳೆದು ಪ್ರತಿ ತಾಣದಲ್ಲೂ ಅದನ್ನೇ ಇಟ್ಟರು. ಸ್ವಲ್ಪ ಏರುಪೇರಾದರೂ ಮೈ ಜಿಗಿದಂತೆ ಕಂಡು, ಹಿನ್ನೆಲೆ ಬದಲಾದದ್ದಲ್ಲ ಮನುಷ್ಯನೇ ಬದಲಾದ ಅನಿಸುತ್ತಿತ್ತು. ಕೈಯಲ್ಲಿ ಕ್ಯಾಮೆರಾ ಒಂದೇ ಹದದಲ್ಲಿ ತಿರುಗಿಸುವುದರಲ್ಲಿ ಕೀಟನ್‌ನ ಛಾಯಾಗ್ರಾಹಕ ಎಲ್ಜಿನ್ ಲೆಸ್ಲಿ ಪಳಗಿದವನು. ಒಂದೇ ಫಿಲ್ಮನ್ನು ಮತ್ತೆ ಮತ್ತೆ ಹಿಂದಕ್ಕೆ ಸುತ್ತಿ, ಒಂದೇ ವೇದಿಕೆಯ ಮೇಲೆ ಒಂಬತ್ತು ಕೀಟನ್‌ರನ್ನು ಕೂರಿಸಿದ ‘ದಿ ಪ್ಲೇಹೌಸ್’ (1921) ಕೂಡ ಅವನದೇ ಕೈಕೆಲಸ.

ಇದೇ ‘ಶೆರ್ಲಾಕ್ ಜೂನಿಯರ್’ನಲ್ಲಿ ರೈಲಿನ ಮೇಲಿಂದ ನೀರಿನ ಟ್ಯಾಂಕಿಯ ಕೊಳವೆ ಹಿಡಿದು ಇಳಿಯುವ ಶಾಟ್ ಇದೆ. ನೀರಿನ ರಭಸಕ್ಕೆ ಕೆಳಗೆ ಬಿದ್ದು ಕುತ್ತಿಗೆ ಹಳಿಗೆ ಬಡಿಯಿತು. ಮೂಳೆ ಬಿರುಕು ಬಿಟ್ಟದ್ದು ತಿಳಿದದ್ದು ವರ್ಷಗಳ ನಂತರ ಎಕ್ಸ್‌ರೇ ತೆಗೆದಾಗ. ಚಿತ್ರದಲ್ಲಿರುವುದು ಅದೇ ಶಾಟ್.

ಹಾಗೆಂದು ‘ಎಲ್ಲಾ ಸಾಹಸ ಅವನೇ ಮಾಡಿದ’ ಎಂದು ಬರೆದರೆ ತಪ್ಪು. ‘ಕಾಲೇಜ್’ (1927)ನಲ್ಲಿ ಕೋಲು ಊರಿ ಕಿಟಕಿಯೊಳಗೆ ಹಾರುವವನು ಲೀ ಬಾರ್ನ್ಸ್, 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಪೋಲ್ ವಾಲ್ಟ್ ಚಿನ್ನ ಗೆದ್ದವನು.

‘ದಿ ಜನರಲ್’ (1926) ಬಗ್ಗೆ ಚಿಕ್ಕದಾಗಿ ಹೇಳಿ ಮುಂದಕ್ಕೆ ಹೋಗುತ್ತೇನೆ, ಅದರ ಮೇಲೆ ಬರಹ ಹೇರಳವಾಗಿ ಸಿಗುತ್ತದೆ. 1862ರ ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದ ಗೂಢಚಾರರು ಜಾರ್ಜಿಯಾದಲ್ಲಿ ರೈಲು ಕದ್ದ ನಿಜ ಘಟನೆ. ಚಿತ್ರೀಕರಣ ಆರೆಗಾನ್‌ನ ಕಾಟೇಜ್ ಗ್ರೋವ್‌ನಲ್ಲಿ. ಎಂಜಿನ್ನಿನ ಚಕ್ರಗಳನ್ನು ಜೋಡಿಸುವ ದಂಡದ ಮೇಲೆ ಆತ ಮಂಕಾಗಿ ಕೂತಿರುವಾಗ ಎಂಜಿನ್ ಹೊರಡುತ್ತದೆ. ಚಾಲಕ ಹಬೆಯನ್ನು ಸ್ವಲ್ಪ ಜಾಸ್ತಿ ಬಿಟ್ಟರೆ ಚಕ್ರ ನಿಂತಲ್ಲೇ ಗಿರ್ರನೆ ಸುತ್ತುತ್ತದೆ, ದಂಡದ ಮೇಲಿದ್ದವನ ಕಥೆ ಮುಗಿಯಿತು. ಇಂದು ಮೇರುಕೃತಿ ಎನ್ನುವ ಈ ಚಿತ್ರ ಅಂದು ದುಡ್ಡು ಮಾಡಲಿಲ್ಲ.

ಇಳಿಜಾರಿಗೆ ಮಾತಿನ ಚಿತ್ರ ಕಾರಣವೇ?

‘ಟಾಕಿ ಬಂತು, ಕೀಟನ್ ಮುಳುಗಿದ’ ಎಂಬುದು ಸಿದ್ಧ ಉತ್ತರ. ಪರೀಕ್ಷೆಯಲ್ಲಿ ಅಂಕ ಸಿಗಬಹುದು, ಸತ್ಯ ಸಿಗುವುದಿಲ್ಲ. ರಂಗದಲ್ಲಿ ಬೆಳೆದವನಿಗೆ ಮಾತು ಹೊಸದಲ್ಲ. 1930ರಿಂದ ಹಾಲಿವುಡ್‌ನ ದೊಡ್ಡ ಸ್ಟುಡಿಯೋ ಎಂಜಿಎಂಗಾಗಿ ಮಾಡಿದ ಟಾಕಿಗಳು ಹಣವನ್ನೂ ತಂದವು. ಹೋದದ್ದು ಬೇರೆ. 1928ರಲ್ಲಿ ಆತ ಸ್ವಂತ ಘಟಕ ಬಿಟ್ಟು ಎಂಜಿಎಂ ಸೇರಿದ. ಮೊದಲು ಕಥೆಯ ಆರಂಭ, ಅಂತ್ಯ ಗೊತ್ತಿದ್ದರೆ ಸಾಕು, ನಡುವಿನದು ಸೆಟ್‌ನಲ್ಲಿ ಹುಟ್ಟುತ್ತಿತ್ತು. ಸರಿಬಾರದಿದ್ದರೆ ಮತ್ತೆ ಚಿತ್ರೀಕರಣ. ‘ಸೆವೆನ್ ಚಾನ್ಸಸ್’ (1925)ನ ಬಂಡೆಗಳ ಓಟ ಪ್ರಿವ್ಯೂನಲ್ಲಿ (ಬಿಡುಗಡೆಗೆ ಮುಂಚಿನ ಪರೀಕ್ಷಾ ಪ್ರದರ್ಶನ) ಜನರ ನಗು ಕೇಳಿ ಆಮೇಲೆ ಬೆಳೆಸಿದ್ದು. ಎಂಜಿಎಂನಲ್ಲಿ ಎಲ್ಲವೂ ಬರೆದ ಸ್ಕ್ರಿಪ್ಟಿನಲ್ಲಿ ಮೊದಲೇ ಒಪ್ಪಿಗೆಯಾಗಬೇಕು. ‘ದಿ ಕ್ಯಾಮೆರಾಮನ್’ (1928) ಇನ್ನೂ ಅವನದೇ ಅನಿಸುತ್ತದೆ. 1932ರ ಹೊತ್ತಿಗೆ ಹಾಸ್ಯನಟ ಜಿಮ್ಮಿ ಡುರಾಂಟೆಯ ಮಾತಿನ ಪಕ್ಕ ಸುಮ್ಮನೆ ನಿಲ್ಲುವ ಕೆಲಸ. ಕುಡಿತ, ವಿಚ್ಛೇದನ ಸೇರಿಕೊಂಡವು, 1933ರಲ್ಲಿ ಕಂಪನಿ ಕೈಬಿಟ್ಟಿತು. ಮುಂದೆ ಅಗ್ಗದ ಕಿರುಚಿತ್ರಗಳು, ಎಂಜಿಎಂನಲ್ಲೇ ಬೇರೆಯವರಿಗೆ ಗ್ಯಾಗ್ ಬರೆಯುವ ಸಂಬಳದ ನೌಕರಿ.

ಹೋಲಿಸಲು ‘ದಿ ಕ್ಯಾಮೆರಾಮನ್’ ಮತ್ತು ‘ಸ್ಪೀಕ್ ಈಸಿಲಿ’ (1932) ಒಂದರ ಹಿಂದೆ ಒಂದು ನೋಡಿ. ಎರಡರಲ್ಲೂ ಹತ್ತು ನಿಮಿಷ ಆರಿಸಿ, ಅವನ ಪಾದ ಕಾಣುವ ಶಾಟ್ ಎಷ್ಟು, ಮಾತಾಡುತ್ತಿರುವಾಗ ಸೊಂಟದ ಮೇಲಷ್ಟೇ ಕಾಣುವ ಶಾಟ್ ಎಷ್ಟು ಎಂದು ಗೆರೆ ಹಾಕಿ ಎಣಿಸಿ. ವಾದಕ್ಕಿಂತ ಈ ಎಣಿಕೆ ಹೆಚ್ಚು ಕಲಿಸುತ್ತದೆ.

ಕೊನೆಗಾಲದ ಕೆಲಸದಲ್ಲಿ ಬಿಡಬಾರದ್ದು ಕೆನಡಾದಲ್ಲಿ ತೆಗೆದ ‘ದಿ ರೇಲ್‌ರಾಡರ್’ (1965). ಬಣ್ಣದ ಕಿರುಚಿತ್ರ, ಮಾತಿಲ್ಲ. ಸಣ್ಣ ಹಳಿಬಂಡಿಯಲ್ಲಿ ಕೂತು ದೇಶವನ್ನೇ ದಾಟುತ್ತಾನೆ. ಅದರ ತಯಾರಿಯನ್ನು ಚಿತ್ರೀಕರಿಸಿದ ‘ಬಸ್ಟರ್ ಕೀಟನ್ ರೈಡ್ಸ್ ಎಗೇನ್’ ಕೂಡ ಇದೆ. ಎತ್ತರದ ರೈಲು ಸೇತುವೆ ಮೇಲೆ ಬಂಡಿ ಹೋಗುತ್ತಿರುವಾಗ ಆತ ದೊಡ್ಡ ನಕ್ಷೆಯೊಳಗೆ ಸುತ್ತಿಕೊಂಡು ಒದ್ದಾಡಬೇಕು ಎಂಬುದು ಕೀಟನ್ ಹಟ. ಅಪಾಯ ಎಂದು ನಿರ್ದೇಶಕ ಜೆರಾಲ್ಡ್ ಪಾಟರ್‌ಟನ್ ಹಿಂಜರಿಯುತ್ತಾನೆ. ಕಿರುಚಿತ್ರ ಮೊದಲು ನೋಡಿ, ಸಾಕ್ಷ್ಯಚಿತ್ರ ಆಮೇಲೆ. ಸೇತುವೆಯ ಮೇಲಿನ ಆ ಶಾಟ್‌ನಲ್ಲಿ ಯಾರ ಮಾತು ಗೆದ್ದಿತು ಎಂಬುದು ನಿಮಗೆ ಅಷ್ಟರಲ್ಲಿ ಗೊತ್ತಾಗಿರುತ್ತದೆ.