ಅಪ್ಪನ ಹೆಸರಿನ ಹಚ್ಚೆ: ಕ್ರೈಸ್ತರು ಹಾಕಿಸಿಕೊಳ್ಳಬಹುದಾ?

ಪ್ರಶ್ನೆ: ನನಗೆ 24 ವರ್ಷ. ನಮ್ಮ ಅಪ್ಪ ಹೋದ ವರ್ಷ ತೀರಿಕೊಂಡರು. ಅವರ ಹೆಸರನ್ನೂ ಪಕ್ಕದಲ್ಲಿ ಒಂದು ಚಿಕ್ಕ ಶಿಲುಬೆಯನ್ನೂ ಕೈಮೇಲೆ ಹಾಕಿಸಿಕೊಳ್ಳಬೇಕು ಅಂತ ಆಸೆ. ಅಮ್ಮ ಬೇಡವೇ ಬೇಡ ಅನ್ನುತ್ತಾರೆ. ಬೈಬಲಿನ ಯಾಜಕಕಾಂಡ 19:28 ತೆಗೆದು ತೋರಿಸುತ್ತಾರೆ. ಹಚ್ಚೆ ಇರುವವರು ಕರ್ತನ ಭೋಜನ (ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಸಂಸ್ಕಾರ) ತೆಗೆದುಕೊಳ್ಳಬಾರದು ಎಂದು ನಮ್ಮ ಸಭೆಯಲ್ಲಿ ಒಬ್ಬರು ಹೇಳಿದರು. ಕ್ರೈಸ್ತರು ಟ್ಯಾಟೂ ಹಾಕಿಸಿಕೊಂಡರೆ ಪಾಪವಾ?

ಉತ್ತರ: ಪಾಪವಲ್ಲ, ಹಾಕಿಸಿಕೊಳ್ಳಬಹುದು. ಕರ್ತನ ಭೋಜನಕ್ಕೂ ಹಚ್ಚೆಗೂ ಯಾವ ಸಂಬಂಧವೂ ಇಲ್ಲ. ಆ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಆದರೆ ನಿಮ್ಮ ಅಮ್ಮ ತೋರಿಸಿದ ವಚನವನ್ನು ಸುಮ್ನೆ ದಾಟಿ ಹೋಗುವುದು ಸರಿಯಲ್ಲ. ಅದು ಮಾತಾಡುವುದೇ ಸತ್ತವರ ವಿಷಯ. ನೀವು ಕೇಳುತ್ತಿರುವುದೂ ತೀರಿಕೊಂಡ ಅಪ್ಪನ ಹೆಸರಿನ ಬಗ್ಗೆ. ಫ್ಯಾಷನ್‌ಗೆ ಹೂವೋ ಚಿಟ್ಟೆಯೋ ಹಾಕಿಸಿಕೊಳ್ಳುವವರಿಗಿಂತ ನಿಮಗೆ ಆ ವಚನ ಹೆಚ್ಚು ಹತ್ತಿರದ್ದು. ಹಾಗಾಗಿ ಅದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಅದರಲ್ಲಿ ಎರಡು ಮಾತಿದೆ. ಸತ್ತವರಿಗಾಗಿ ಮೈ ಕೊಯ್ದುಕೊಳ್ಳಬಾರದು. ಮೈಮೇಲೆ ಹಚ್ಚೆಯ ಗುರುತು ಹಾಕಿಸಿಕೊಳ್ಳಬಾರದು. ಮೊದಲನೆಯದರ ಹಿನ್ನೆಲೆ ಬೈಬಲಿನಲ್ಲೇ ಸಿಗುತ್ತದೆ. ಮನೆಯಲ್ಲಿ ಸಾವಾದರೆ ಮೈ ಕೊಯ್ದುಕೊಳ್ಳುವುದು, ತಲೆ ಗಡ್ಡ ಬೋಳಿಸಿಕೊಳ್ಳುವುದು ಆ ಕಾಲದಲ್ಲಿ ಅಲ್ಲಿ ರೂಢಿಯಾಗಿತ್ತು. ಇಸ್ರಾಯೇಲ್ಯರೂ ಅದನ್ನು ಬಿಟ್ಟಿರಲಿಲ್ಲ. ಯೆರೆಮೀಯ 41:5ರಲ್ಲಿ 80 ಜನ ಗಡ್ಡ ಬೋಳಿಸಿ, ಬಟ್ಟೆ ಹರಿದುಕೊಂಡು, ಮೈಯೆಲ್ಲ ಗಾಯ ಮಾಡಿಕೊಂಡು ಯೆಹೋವನ ಆಲಯಕ್ಕೇ ಕಾಣಿಕೆ ತರುತ್ತಾರೆ. ದೇವರನ್ನು ಒಲಿಸಿಕೊಳ್ಳಲು ರಕ್ತ ಸುರಿಸುವುದೂ ಇತ್ತು. 1 ಅರಸುಗಳು 18ರಲ್ಲಿ ಪ್ರವಾದಿ ಎಲೀಯನ ಎದುರು ಬಾಳನೆಂಬ ಬೇರೆ ದೇವರ ಪ್ರವಾದಿಗಳು ಕತ್ತಿ ಈಟಿಗಳಿಂದ ತಿವಿದುಕೊಂಡು ಕೂಗುವುದು ಇದಕ್ಕೇ.

ಬೇಡ ಎಂದದ್ದು ಯಾಕೆ ಎಂಬುದಕ್ಕೆ ಧರ್ಮೋಪದೇಶಕಾಂಡ 14:1 ನೋಡಿ. ಸತ್ತವರಿಗಾಗಿ ಮೈ ಕೊಯ್ದುಕೊಳ್ಳಬೇಡಿ ಎನ್ನುವ ಮೊದಲು ಅಲ್ಲೊಂದು ಮಾತು ಬರುತ್ತದೆ: ನೀವು ನಿಮ್ಮ ದೇವರ ಮಕ್ಕಳು. ನನಗೆ ಇಡೀ ವಿಷಯದ ಹೃದಯ ಇಲ್ಲೇ ಇದೆ ಅನ್ನಿಸುತ್ತದೆ. ತಂದೆಯ ಗಮನ ಸೆಳೆಯಲು ಮಕ್ಕಳು ರಕ್ತ ಸುರಿಸಬೇಕಾಗಿಲ್ಲ. ಸಾವಿನ ಮುಂದೆ ದಿಕ್ಕೆಟ್ಟವರ ಹಾಗೆ ಮೈ ಸೀಳಿಕೊಳ್ಳಬೇಕಾಗಿಲ್ಲ. ಅಳಬಾರದು ಎಂದಲ್ಲ. ಗೆಳೆಯ ಲಾಜರನ ಸಮಾಧಿಯ ಹತ್ತಿರ ಯೇಸುವೇ ಕಣ್ಣೀರು ಹಾಕಿದನಲ್ವಾ?

ಎರಡನೇ ಮಾತು, ಅಂದರೆ ಹಚ್ಚೆಯ ಮಾತು, ಇಷ್ಟು ಸ್ಪಷ್ಟವಿಲ್ಲ. ಅದೂ ಸಾವಿನ ಆಚರಣೆಗೇ ಸೇರಿದ್ದು ಎಂದು ಕೆಲವು ಪಂಡಿತರು ಹೇಳುತ್ತಾರೆ. ಬೇರೆ ದೇವರಿಗೆ ಸೇರಿದವನೆಂಬ ಗುರುತು ಎಂದು ಇನ್ನು ಕೆಲವರು, ಗುಲಾಮರಿಗೆ ಯಜಮಾನರು ಹಾಕುತ್ತಿದ್ದ ಗುರುತು ಎಂದು ಮತ್ತೆ ಕೆಲವರು. ಹಚ್ಚೆಯನ್ನು ಹೀಗೆ ನೇರವಾಗಿ ಬೇಡ ಎಂದಿರುವುದು ಬೈಬಲಿನಲ್ಲಿ ಇದೊಂದೇ ಕಡೆ.

ಈಗ ಅದೇ ಅಧ್ಯಾಯವನ್ನು ಮೊದಲಿಂದ ಓದಿ ನೋಡಿ. 19ನೇ ವಚನ ಎರಡು ಬಗೆಯ ನೂಲು ಸೇರಿಸಿ ನೇಯ್ದ ಬಟ್ಟೆ ಹಾಕಬೇಡಿ ಎನ್ನುತ್ತದೆ. 27ನೇ ವಚನ ಗಡ್ಡದ ಅಂಚು ಕತ್ತರಿಸಬೇಡಿ ಎನ್ನುತ್ತದೆ. ಟೆರಿಕಾಟನ್ ಶರ್ಟು ಹಾಕಿಕೊಂಡು, ನುಣ್ಣಗೆ ಶೇವ್ ಮಾಡಿಕೊಂಡು ಬಂದವರು 28ನೇ ವಚನವನ್ನು ಮಾತ್ರ ನಿಮ್ಮ ಮುಂದೆ ಹಿಡಿದರೆ, ನಡುವಿನ ವಚನಗಳು ಎಲ್ಲಿ ಹೋದವು ಎಂದು ಕೇಳಲೇಬೇಕು.

ಹಾಗಂತ "ಅದೆಲ್ಲ ಹಳೇ ಕಾನೂನು, ಬಿಟ್ಟುಬಿಡಿ" ಎಂಬ ಉತ್ತರವನ್ನೂ ನಾನು ಒಪ್ಪುವುದಿಲ್ಲ. ಕೂಲಿಯವನ ಕೂಲಿಯನ್ನು ಬೆಳಗಿನವರೆಗೆ ಇಟ್ಟುಕೊಳ್ಳಬೇಡ ಎನ್ನುವುದು ಇದೇ ಅಧ್ಯಾಯ. ಕುರುಡರ ದಾರಿಯಲ್ಲಿ ಅಡ್ಡ ಇಡಬೇಡ ಎನ್ನುವುದೂ ಇದೇ. ನಿನ್ನನ್ನು ಪ್ರೀತಿಸುವಂತೆಯೇ ನಿನ್ನ ನೆರೆಯವನನ್ನು ಪ್ರೀತಿಸು ಎಂದು ಯೇಸು ಎತ್ತಿ ಹೇಳಿದ ಮಾತು ಈ ಅಧ್ಯಾಯದ 18ನೇ ವಚನ. ಇಷ್ಟನ್ನೆಲ್ಲ ಒಟ್ಟಿಗೆ ಕಟ್ಟಿ ಮೂಲೆಗೆ ಇಡಲು ಆಗುತ್ತದಾ?

ಹಾಗಾದರೆ ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು? ಆದಿ ಸಭೆಗೂ ಇದೇ ಕಷ್ಟ ಬಂತು. ಯೆಹೂದ್ಯರಲ್ಲದವರು ನಂಬಿಕೆಗೆ ಬಂದಾಗ ಅವರ ಮೇಲೆ ಮೋಶೆಯ ನಿಯಮವನ್ನೆಲ್ಲ ಹೇರಬೇಕಾ ಎಂದು ಜೆರುಸಲೇಮಿನಲ್ಲಿ ಅಪೊಸ್ತಲರು (ಯೇಸು ಕಳಿಸಿದ ಶಿಷ್ಯರು) ಸೇರಿ ಚರ್ಚಿಸಿದರು. ಅಪೊಸ್ತಲರ ಕೃತ್ಯಗಳು 15ರಲ್ಲಿ ಅದರ ತೀರ್ಮಾನವಿದೆ. ವಿಗ್ರಹಕ್ಕೆ ಅರ್ಪಿಸಿದ್ದು, ರಕ್ತ, ಕುತ್ತಿಗೆ ಹಿಸುಕಿ ಕೊಂದದ್ದು, ಹಾದರ: ಇವುಗಳಿಂದ ದೂರವಿರಿ ಎಂದು ಬರೆದು ಕಳಿಸಿದರು. ಸುನ್ನತಿಯ ಹೊರೆಯನ್ನು ಹೊರಿಸಲಿಲ್ಲ. ಹಚ್ಚೆಯ ಮಾತು ಆ ಪತ್ರದಲ್ಲಿಲ್ಲ. ಗ್ರೀಕರ, ರೋಮನರ ನಡುವೆ ಹಚ್ಚೆ ಅಪರೂಪವೇನಲ್ಲ. ಆದರೂ ಹೊಸ ಒಡಂಬಡಿಕೆಯಲ್ಲಿ ಎಲ್ಲೂ ಅದರ ಮೇಲೆ ನಿಷೇಧವಿಲ್ಲ. ಯೆಹೂದಿ ಧರ್ಮದಲ್ಲಿ ಇಂದಿಗೂ ಹಚ್ಚೆ ನಿಷಿದ್ಧವೇ. ನಮಗೆ ಉಳಿಯುವುದು ಆ ನಿಯಮದ ಹಿಂದಿನ ಕಾಳಜಿ: ಬೇರೆ ದೇವರಿಗೆ ನಮ್ಮನ್ನು ಗುರುತು ಮಾಡಿಸಿಕೊಳ್ಳಬಾರದು, ಸತ್ತವರನ್ನು ಮೆಚ್ಚಿಸಲು ಮೈ ನೋಯಿಸಿಕೊಳ್ಳಬಾರದು.

ಇದೇ ಅಳತೆಯಲ್ಲಿ ನಿಮ್ಮ ವಿಷಯ ನೋಡೋಣ. ಈ ಹಚ್ಚೆ ಹಾಕಿಸಿಕೊಂಡರೆ ಅಪ್ಪನ ಆತ್ಮಕ್ಕೆ ಶಾಂತಿ ಸಿಗುತ್ತದೆ, ಅವರು ನನ್ನನ್ನು ಕಾಯುತ್ತಾರೆ ಎಂಬ ಎಣಿಕೆ ಇದ್ದರೆ ಬೇಡ. ಆ ವಚನ ತಡೆಯುವುದು ಅದನ್ನೇ. ಅಪ್ಪನನ್ನು ದಿನಾ ನೆನಪು ಮಾಡಿಕೊಳ್ಳಬೇಕು, ಅವರನ್ನು ಕೊಟ್ಟ ದೇವರಿಗೆ ಸ್ತೋತ್ರ ಹೇಳಬೇಕು ಎಂದಿದ್ದರೆ ಅದು ಬೇರೆ. ಯೊರ್ದನ್ ನದಿ ದಾಟಿದ ಮೇಲೆ ಯೆಹೋಶುವನು 12 ಕಲ್ಲುಗಳನ್ನು ನೆಡಿಸಿದ್ದು ನೆನಪಿಗಾಗಿಯೇ. ಇನ್ನೊಂದು ಸಾಧ್ಯತೆಯೂ ಇದೆ. ದುಃಖ ಇನ್ನೂ ಹಸಿಯಾಗಿದ್ದಾಗ ಆ ಸೂಜಿಯ ನೋವೇ ಬೇಕು ಅನ್ನಿಸಬಹುದು. ನಿಮಗೆ ಹಾಗೆ ಅನ್ನಿಸುತ್ತಿದ್ದರೆ ದಯವಿಟ್ಟು ಮೊದಲು ಯಾರ ಹತ್ತಿರವಾದರೂ ಮನಸ್ಸು ಬಿಚ್ಚಿ ಮಾತಾಡಿ. ಹಚ್ಚೆ ಆಮೇಲೆ ನೋಡಿದರಾಯಿತು.

ಹಚ್ಚೆ ಅಂದರೆ ಕ್ರೈಸ್ತರದ್ದಲ್ಲ, ಈಗಿನ ಹುಡುಗರ ಹುಚ್ಚು ಎಂದುಕೊಂಡವರು ಬಹಳ ಜನ. ಇತಿಹಾಸ ಬೇರೆಯೇ ಹೇಳುತ್ತದೆ. ಮೊದಮೊದಲು ಹಚ್ಚೆ ಕ್ರೈಸ್ತರಿಗೆ ಶಿಕ್ಷೆಯಾಗಿ ಬಂತು. ರೋಮ್ ಸಾಮ್ರಾಜ್ಯದಲ್ಲಿ ನಂಬಿಕೆ ಬಿಡದವರನ್ನು ಗಣಿಗೆ ಅಟ್ಟುವಾಗ ಹಣೆಗೆ ಗುರುತು ಹಾಕುತ್ತಿದ್ದರು. ಮುಂದೆ 4ನೇ ಶತಮಾನದಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ಅಪರಾಧಿಗಳ ಮುಖಕ್ಕೆ ಗುರುತು ಹಾಕುವುದನ್ನು ನಿಲ್ಲಿಸಿದ. ಮನುಷ್ಯನ ಮುಖ ಸ್ವರ್ಗದ ಚೆಲುವಿನ ಹೋಲಿಕೆಯಲ್ಲಿ ಆದದ್ದು, ಅದನ್ನು ಕೆಡಿಸಬಾರದು ಎಂಬುದು ಅವನು ಕೊಟ್ಟ ಕಾರಣ. ಕೈಗೂ ಮೀನಖಂಡಕ್ಕೂ ಹಾಕಬಹುದು ಎಂದು ಉಳಿಸಿಕೊಂಡ. 6ನೇ ಶತಮಾನದ ಹೊತ್ತಿಗೆ ಚಿತ್ರವೇ ಬದಲಾಗಿತ್ತು. ಮಣಿಕಟ್ಟಿನ ಮೇಲೆ, ತೋಳಿನ ಮೇಲೆ ಶಿಲುಬೆಯನ್ನೋ ಕ್ರಿಸ್ತನ ಹೆಸರನ್ನೋ ಹಾಕಿಸಿಕೊಂಡ ಕ್ರೈಸ್ತರು ಬಹಳ ಮಂದಿ ಇದ್ದಾರೆ ಎಂದು ಗಾಜಾದ ಪ್ರೊಕೋಪಿಯಸ್ ಎಂಬ ಕ್ರೈಸ್ತ ಪಂಡಿತ ಬರೆದ.

ಈಜಿಪ್ಟಿನ ಕೋಪ್ಟಿಕ್ ಕ್ರೈಸ್ತರಲ್ಲಿ ಈ ರೂಢಿ ಇಂದಿಗೂ ಉಂಟು. ಬಲಗೈ ಮಣಿಕಟ್ಟಿನ ಒಳಭಾಗದಲ್ಲಿ ಒಂದು ಪುಟ್ಟ ಶಿಲುಬೆ. ಎಷ್ಟೋ ಮಕ್ಕಳಿಗೆ ಎಳವೆಯಲ್ಲೇ ಹಾಕಿಸುತ್ತಾರೆ. ಕ್ರೈಸ್ತರು ಕಡಿಮೆ ಇರುವ, ಹಲವು ಬಾರಿ ಹಿಂಸೆ ಕಂಡ ದೇಶದಲ್ಲಿ ಅದು ಅಡಗಿಸಿಡಲಾಗದ ಸಾಕ್ಷಿ. 2015ರ ಫೆಬ್ರವರಿಯಲ್ಲಿ ಲಿಬಿಯಾದ ಕಡಲ ದಂಡೆಯಲ್ಲಿ ಐಸಿಸ್ ಉಗ್ರರು ಕೊಂದ 21 ಮಂದಿಯಲ್ಲಿ 20 ಜನ ಇದೇ ಕೋಪ್ಟಿಕ್ ಸಭೆಯವರು, ದುಡಿಯಲು ಹೋದ ಬಡವರು. ಅವರ ಸಭೆಯ ಮಣಿಕಟ್ಟಿನ ಶಿಲುಬೆಯನ್ನು ಪಾಪ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.

ಜೆರುಸಲೇಮಿಗೆ ಯಾತ್ರೆ ಹೋದವರು ನೆನಪಿಗೆ ಹಚ್ಚೆ ಹಾಕಿಸಿಕೊಂಡು ಬರುವ ಪದ್ಧತಿಯೂ ಹಳೆಯದು. ಹಳೇ ಪಟ್ಟಣದ ಯಾಫಾ ಬಾಗಿಲಿನ ಹತ್ತಿರ ರಝೂಕ್ ಮನೆತನದವರು ಇನ್ನೂ ಈ ಕೆಲಸ ಮಾಡುತ್ತಾರೆ. ಅವರು ಮೂಲದಲ್ಲಿ ಈಜಿಪ್ಟಿನ ಕೋಪ್ಟರು. 700 ವರ್ಷದಿಂದ ಇದೇ ನಮ್ಮ ಕಸುಬು ಎನ್ನುತ್ತಾರೆ. ಕೆತ್ತಿದ ಮರದ ಅಚ್ಚನ್ನು ಮೊದಲು ಚರ್ಮದ ಮೇಲೆ ಒತ್ತಿ, ಆ ಗೆರೆಯ ಮೇಲೆ ಸೂಜಿ ಆಡಿಸುತ್ತಾರೆ. ಇಥಿಯೋಪಿಯಾ, ಎರಿಟ್ರಿಯಾದ ಕ್ರೈಸ್ತ ಹೆಂಗಸರು ಹಣೆಯ ಮೇಲೆ ಶಿಲುಬೆ ಹಾಕಿಸಿಕೊಳ್ಳುತ್ತಾರೆ. ಬೋಸ್ನಿಯಾದ ಕಥೋಲಿಕ ಹೆಂಗಸರ ಕೈಗಳಲ್ಲೂ ಇಂಥ ಶಿಲುಬೆಗಳಿದ್ದವು.

ಸಭೆಗಳ ನಿಲುವು ಏನು ಎಂದರೆ, ಕಥೋಲಿಕ ಸಭೆಯಲ್ಲಿ ಹಚ್ಚೆಗೆ ನಿಷೇಧವಿಲ್ಲ. 2018ರ ಮಾರ್ಚಿನಲ್ಲಿ ಯುವಜನರ ಸಭೆಯೊಂದರಲ್ಲಿ ಈ ಪ್ರಶ್ನೆ ಬಂದಾಗ ಪೋಪ್ ಫ್ರಾನ್ಸಿಸ್, ಹಚ್ಚೆಗೆ ಹೆದರಬೇಡಿ ಎಂದರು. ಎರಿಟ್ರಿಯಾದವರ ಹಣೆಯ ಶಿಲುಬೆಯನ್ನೇ ಉದಾಹರಣೆ ಕೊಟ್ಟರು. ಅತಿಯಾಗುವುದು ಬೇಡ ಎಂದೂ ಸೇರಿಸಿದರು. ಪ್ರೊಟೆಸ್ಟೆಂಟರಲ್ಲಿ ಒಂದೇ ಮಾತಿಲ್ಲ. ನಮ್ಮ ಕಡೆಯ ಹಲವು ಪೆಂತೆಕೋಸ್ತ ಸಭೆಗಳಲ್ಲಿ ಒಡವೆಯೂ ಬೇಡ, ಹಚ್ಚೆಯೂ ಬೇಡ. ಸರಳವಾಗಿ ಬದುಕಬೇಕೆಂಬ ಅವರ ಆಸೆಗೆ ನನಗೆ ಗೌರವವಿದೆ. ಅದು ಆ ಸಭೆಯ ಶಿಸ್ತು. ರಕ್ಷಣೆಗೆ ಅದೊಂದು ಷರತ್ತು ಎನ್ನುವ ಮಟ್ಟಕ್ಕೆ ಹೋದಾಗ ಮಾತ್ರ ನನ್ನ ತಕರಾರು.

"ನಿಮ್ಮ ದೇಹ ಪವಿತ್ರಾತ್ಮನ ಆಲಯ" ಎಂಬ ವಚನವನ್ನೂ ನಿಮಗೆ ಯಾರಾದರೂ ತೋರಿಸಬಹುದು. 1 ಕೊರಿಂಥದವರಿಗೆ 6ರಲ್ಲಿ ಅಪೊಸ್ತಲ ಪೌಲ ಅದನ್ನು ಹೇಳಿದ್ದು ಹಾದರದ ಬಗ್ಗೆ. ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯಲ್ಲಿ ಬರುವ "ಮೃಗದ ಗುರುತು" ದೇವರ ವೈರಿಗೆ ಅಡ್ಡಬೀಳುವವರದ್ದು, ಅಪ್ಪನ ಹೆಸರಿಗೂ ಅದಕ್ಕೂ ನಂಟಿಲ್ಲ. ಹಚ್ಚೆಯ ಪರವಾಗಿ ಮಾತಾಡುವವರೂ ವಚನ ಎಳೆದಾಡುವುದುಂಟು. "ನನ್ನ ಅಂಗೈಗಳಲ್ಲಿ ನಿನ್ನನ್ನು ಕೆತ್ತಿಕೊಂಡಿದ್ದೇನೆ" ಎಂದು ಯೆಶಾಯ 49ರಲ್ಲಿ ದೇವರು ಹೇಳುವುದು ಮರೆಯದ ಪ್ರೀತಿಯನ್ನು. ಅದನ್ನು ತೋರಿಸಿ ಹಚ್ಚೆಗೆ ಅನುಮತಿ ಕೇಳುವುದೂ ತಪ್ಪೇ.

ನಮ್ಮ ನಾಡಿನ ಸಭೆಗಳಿಗೆ ಒಂದು ಮಾತು ಹೇಳಲೇಬೇಕು. ಹಿಂದೆಲ್ಲ ಕೊರವಂಜಿಯರು ಊರೂರು ತಿರುಗಿ ಹಚ್ಚೆ ಹಾಕುತ್ತಿದ್ದರು. ಹಣೆಯ ಮೇಲೆ, ಗಲ್ಲದ ಮೇಲೆ ಚುಕ್ಕಿ, ಮುಂಗೈ ತುಂಬ ಹಸಿರು ಗೆರೆ ಇರುವ ಅಜ್ಜಿಯರು ಹಳ್ಳಿಗಳಲ್ಲಿ ಈಗಲೂ ಸಿಗುತ್ತಾರೆ. ಸತ್ತ ಮೇಲೆ ಜೊತೆಗೆ ಬರುವುದು ಹಚ್ಚೆ ಒಂದೇ ಎಂದು ಅವರಿಗೆ ಚಿಕ್ಕವರಿದ್ದಾಗ ಹೇಳಿ ಹಾಕಿಸಿದ್ದು. ಅಂಥ ಅಜ್ಜಿಯೊಬ್ಬರು ಕ್ರಿಸ್ತನನ್ನು ನಂಬಿ ದೀಕ್ಷಾಸ್ನಾನ ತೆಗೆದುಕೊಂಡು ನಮ್ಮ ಬೆಂಚಿನಲ್ಲಿ ಕೂತಿರುವಾಗ, ಯುವಕರಿಗೆ ಬುದ್ಧಿ ಹೇಳುವ ಭರದಲ್ಲಿ ಹಚ್ಚೆ ಇದ್ದವರಿಗೆ ಕರ್ತನ ಭೋಜನ ಇಲ್ಲ ಎಂದರೆ ಅವರ ಗತಿ ಏನು? ಅವರು ಚರ್ಮ ಕಿತ್ತು ಬರಬೇಕಾ? ಹೀಗೆ ಮಾತಾಡುವವರು ದಯವಿಟ್ಟು ಒಮ್ಮೆ ಬೆಂಚುಗಳ ಕಡೆ ನೋಡಬೇಕು.

ಇನ್ನು ನಿಮ್ಮ ಅಮ್ಮ. ನೀವು ಪ್ರಾಯಕ್ಕೆ ಬಂದವರು, ತೀರ್ಮಾನ ನಿಮ್ಮದು. ಆದರೆ ಆ ಹೆಸರು ಅವರ ಗಂಡನ ಹೆಸರೂ ಹೌದು. ಅವರ ದುಃಖ ನಿಮ್ಮದಕ್ಕಿಂತ ಕಡಿಮೆಯಿಲ್ಲ. ರೋಮಾಪುರದವರಿಗೆ 14ರಲ್ಲಿ ಪೌಲ, ಏನನ್ನಾದರೂ ತಿನ್ನುವ ಸ್ವಾತಂತ್ರ್ಯ ಇದ್ದರೂ ಸಹೋದರನ ಮನಸ್ಸು ನೋಯುವಂತೆ ತಿನ್ನಬೇಡ ಎನ್ನುತ್ತಾನೆ. ಈ ಉತ್ತರವನ್ನು ಅಮ್ಮನ ಬಾಯಿ ಮುಚ್ಚಿಸಲು ಬಳಸಬೇಡಿ. ಇಬ್ಬರೂ ಕೂತು ಆ ಅಧ್ಯಾಯವನ್ನು ಪೂರ್ತಿ ಓದಿ. ಅವರ ಭಯ ವಚನದ್ದಾ, ಮದುವೆ ಮಾತುಕತೆಯದ್ದಾ, ಜನರ ಬಾಯಿಯದ್ದಾ ಕೇಳಿ ತಿಳಿದುಕೊಳ್ಳಿ. ಒಂದು ವರ್ಷ ಕಾಯಿರಿ ಎಂದು ನನ್ನ ಸಲಹೆ. ಆಗಲೂ ಇದೇ ಆಸೆ ಇದ್ದರೆ, ಮನಸ್ಸಿನಲ್ಲಿ ಅಳುಕಿಲ್ಲದಿದ್ದರೆ ಹಾಕಿಸಿಕೊಳ್ಳಿ. ಅಳುಕು ಉಳಿದಿದ್ದರೆ ಬಿಡಿ. ಪೌಲನ ಪ್ರಕಾರ ಸಂದೇಹಪಟ್ಟುಕೊಂಡು ಮಾಡುವುದೇ ತಪ್ಪು.

ಹಾಕಿಸಿಕೊಳ್ಳುವುದಾದರೆ ಜಾತ್ರೆಯ ಬೀದಿಯಲ್ಲಿ ಬೇಡ. ಒಬ್ಬರಿಗೆ ಬಳಸಿದ ಸೂಜಿ ಇನ್ನೊಬ್ಬರಿಗೆ ತಾಗಿದರೆ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ಹರಡಬಹುದು. ಹೊಸ ಸೂಜಿಯ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಒಡೆಯಬೇಕು, ಬಣ್ಣವನ್ನೂ ನಿಮಗೆಂದೇ ಬೇರೆ ಬಟ್ಟಲಿಗೆ ಹಾಕಬೇಕು. ಆಮೇಲೆ 12 ತಿಂಗಳು ರಕ್ತ ಕೊಡುವಂತಿಲ್ಲ. ಸೇನೆಗೆ ಸೇರುವ ಯೋಚನೆ ಇದ್ದರೆ ಜಾಗದ ಬಗ್ಗೆಯೂ ಎಚ್ಚರವಿರಲಿ. ಮುಂಗೈಯ ಒಳಭಾಗ ಮತ್ತು ಅಂಗೈಯ ಹಿಂಭಾಗ ಬಿಟ್ಟು ಬೇರೆ ಕಡೆ ಹಚ್ಚೆ ಇದ್ದರೆ ಸಾಮಾನ್ಯವಾಗಿ ಅಲ್ಲಿ ತೆಗೆದುಕೊಳ್ಳುವುದಿಲ್ಲ.