ತಣ್ಣೀರ ಹವಳದ ಬುಡಕ್ಕೇ ಬಂದ ಕುತ್ತು

ತೋರಣಗಲ್ಲಿನ ಉಕ್ಕಿನ ಕುಲುಮೆಗೆ ಅದಿರು, ಕೋಕ್ (ಕಲ್ಲಿದ್ದಲನ್ನು ಬೇಯಿಸಿ ಮಾಡಿದ ಇಂಧನ) ಜೊತೆ ಸುಣ್ಣಕಲ್ಲೂ ಹೋಗುತ್ತದೆ. ಅದಿರಿನಲ್ಲಿರುವ ಸಿಲಿಕಾವನ್ನು ಹಿಡಿದು ಕಿಟ್ಟವಾಗಿ ಬೇರ್ಪಡಿಸುವುದು ಅದರ ಕೆಲಸ. 100 ಕಿಲೋ ಶುದ್ಧ ಸುಣ್ಣಕಲ್ಲು ಬೆಂದರೆ 56 ಕಿಲೋ ಸುಟ್ಟ ಸುಣ್ಣ ಉಳಿಯುತ್ತದೆ, 44 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿ ಸೇರುತ್ತದೆ. ಕೋಕ್‌ನಿಂದ ಬರುವುದು ಇದಕ್ಕಿಂತ ಎಷ್ಟೋ ಹೆಚ್ಚು. ಇತ್ತ ಕುಡಿತಿನಿ, ಶಕ್ತಿನಗರ, ಯರಮರಸ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರಗಳದ್ದು ಒಟ್ಟು ಐದು ಸಾವಿರ ಮೆಗಾವ್ಯಾಟ್ ಆಸುಪಾಸಿನ ಸಾಮರ್ಥ್ಯ. ಜಗತ್ತಿನಾದ್ಯಂತ ಹೀಗೆ ಏಳುವ ಅನಿಲದಲ್ಲಿ ಸುಮಾರು ಕಾಲುಭಾಗವನ್ನು ಸಮುದ್ರ ಹೀರಿಕೊಳ್ಳುತ್ತದೆ. ಬಿಸಿಲುನಾಡಿಗೂ ನಾರ್ವೆಯ ಕಡಲಾಳದ ತಣ್ಣೀರ ಹವಳಕ್ಕೂ ನಂಟು ಬೆಳೆಯುವುದು ಇಲ್ಲಿಂದಲೇ.

ಸಮುದ್ರ ಎಲ್ಲವನ್ನೂ ಅರಗಿಸಿಕೊಳ್ಳುತ್ತದೆ ಎಂಬ ನಂಬಿಕೆ ಬಹುಕಾಲ ಇತ್ತು. ಅದು ಅಷ್ಟು ಬೇಗ ಅರಗಿಸಿಕೊಳ್ಳಲಾರದು ಎಂದು 1957ರಲ್ಲಿ ವಿಜ್ಞಾನಿಗಳಾದ ರೋಜರ್ ರೆವೆಲ್ ಮತ್ತು ಹಾನ್ಸ್ ಸ್ಯೂಸ್ ತೋರಿಸಿದರು. ಮರುವರ್ಷ ಚಾರ್ಲ್ಸ್ ಕೀಲಿಂಗ್ ಹವಾಯಿಯ ಮೌನಾ ಲೋವಾದಲ್ಲಿ ಗಾಳಿಯ ಅಳತೆ ಶುರು ಮಾಡಿದರು. ಕೈಗಾರಿಕೆಗಳಿಗೆ ಮೊದಲು ಹತ್ತು ಲಕ್ಷಕ್ಕೆ 280 ಭಾಗದಷ್ಟಿದ್ದ ಇಂಗಾಲದ ಡೈಆಕ್ಸೈಡ್ ಈಗ 420 ದಾಟಿದೆ. ಆದರೂ ಹೀರಿಕೊಂಡ ಅನಿಲ ಸಮುದ್ರಕ್ಕೆ ಏನು ಮಾಡೀತು ಎಂಬ ಪ್ರಶ್ನೆ ಮುನ್ನೆಲೆಗೆ ಬಂದದ್ದು ತಡವಾಗಿ: 2003ರಲ್ಲಿ ಕೆನ್ ಕಾಲ್ಡೇರಾ ಮತ್ತು ಮೈಕೆಲ್ ವಿಕೆಟ್ ಅವರ ಲೆಕ್ಕಾಚಾರದಿಂದ, 2005ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ವರದಿಯಿಂದ. ಅನಿಲ ಕರಗಿ ಇಂಗಾಲಾಮ್ಲವಾಗುವುದರಿಂದ ಮೇಲ್ಪದರದ ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ, ಇಳಿದಷ್ಟೂ ಆಮ್ಲ ಹೆಚ್ಚು) ಸುಮಾರು 8.2ರಿಂದ 8.1ಕ್ಕೆ ಇಳಿದಿದೆ. ಸಂಖ್ಯೆ ಚಿಕ್ಕದು, ಆದರೆ 0.1 ಇಳಿದರೆ ಹೈಡ್ರೋಜನ್ ಅಯಾನು ಕಾಲುಭಾಗ ಹೆಚ್ಚಿದಂತೆ. ನೀರು ಈಗಲೂ ಕ್ಷಾರವೇ. ಸಂಕಟ ಇರುವುದು ಹವಳದ ಅಸ್ಥಿಗೆ ಬೇಕಾದ ಕಾರ್ಬೊನೇಟನ್ನು ಆ ಅಯಾನುಗಳು ನೀರಿನಿಂದ ಕಸಿದುಕೊಳ್ಳುವುದರಲ್ಲಿ.

ಯಾವ ಶಾಲೆಯ ಪ್ರಯೋಗಾಲಯದಲ್ಲಾದರೂ ಇದನ್ನು ಕಣ್ಣಾರೆ ನೋಡಬಹುದು. ಎಲೆಯಡಿಕೆಯ ಸುಣ್ಣ ಒಂದು ಚಮಚ, ನೀರು ಒಂದು ಲೀಟರ್. ಕಲಕಿ, ಮುಚ್ಚಳ ಬಿಗಿದು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮೇಲಿನ ತಿಳಿಯನ್ನಷ್ಟೇ ಬಸಿದುಕೊಳ್ಳಿ. ಮುಚ್ಚದೆ ಬಿಟ್ಟರೆ ಗಾಳಿಯ ಇಂಗಾಲದ ಡೈಆಕ್ಸೈಡ್‌ಗೇ ಮೇಲೆ ಬಿಳಿ ಕೆನೆ ಕಟ್ಟಿ ಪ್ರಯೋಗ ಕೆಡುತ್ತದೆ. ತಿಳಿಗೆ ಅಷ್ಟೇ ನೀರು ಬೆರೆಸಿ. ಅದು ಗಟ್ಟಿ ಇದ್ದರೆ ಊದಿ ಊದಿ ಸುಸ್ತಾಗುತ್ತದೆ. ಕೊಳವೆಯಿಂದ ಮೆಲ್ಲಗೆ ಊದಬೇಕು, ಹೀರಲೇಬಾರದು, ಕಣ್ಣಿಗೆ ಕನ್ನಡಕ ಇರಬೇಕು. ಮೊದಲು ನೀರು ಹಾಲಿನಂತಾಗುತ್ತದೆ. ಅದು ಕ್ಯಾಲ್ಸಿಯಂ ಕಾರ್ಬೊನೇಟ್, ಹವಳದ ಒಡಲೂ ಅದೇ. ಊದುವುದನ್ನು ನಿಲ್ಲಿಸದಿದ್ದರೆ ಆ ಬಿಳುಪು ಕರಗಿ ನೀರು ಮತ್ತೆ ತಿಳಿಯಾಗುತ್ತದೆ. ಹೆಚ್ಚಾದ ಇಂಗಾಲಾಮ್ಲ ಕಾರ್ಬೊನೇಟನ್ನು ಬೈಕಾರ್ಬೊನೇಟ್ ಮಾಡಿ ಕರಗಿಸಿತು. ಆ ತಿಳಿಯನ್ನು ಕುದಿಸಿದರೆ ಬಿಳುಪು ಮರಳಿ ಬರುತ್ತದೆ. ನಮ್ಮ ಕಡೆಯ ಬೋರ್‌ವೆಲ್ ನೀರು ಕಾಯಿಸಿದ ಹಂಡೆಯ ತಳಕ್ಕೆ ಹತ್ತುವ ಹಕ್ಕಳೆ ಇದೇ.

ತಣ್ಣೀರ ಹವಳಕ್ಕೆ ಬಿಸಿಲು ಬೇಡ. ಬೆಚ್ಚನೆಯ ಕಡಲಿನ ಹವಳಗಳಿಗೆ ಅನ್ನ ಒದಗಿಸುವ ಪಾಚಿ ಇದರ ಮೈಯಲ್ಲಿಲ್ಲ. ಹರಿವು ತಂದ ಪುಟ್ಟ ತೇಲುಜೀವಿಗಳು, ಸಾವಯವ ಕಣಗಳೇ ಆಹಾರ. ಮುಖ್ಯ ಜಾತಿ ಲೊಫೇಲಿಯಾ ಪರ್ಟೂಸಾ, 4ರಿಂದ 12 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ವರ್ಷಕ್ಕೆ ಕೆಲವೇ ಮಿಲಿಮೀಟರ್‌ಗಳಿಂದ ಎರಡೂವರೆ ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆ. ಈ ಹವಳ ಕಟ್ಟಿದ ನಾರ್ವೆಯ ರೋಸ್ಟ್ ದಿಬ್ಬ ಪತ್ತೆಯಾದದ್ದೇ 2002ರಲ್ಲಿ: 300ರಿಂದ 400 ಮೀಟರ್ ಆಳ, ಸುಮಾರು 35 ಕಿಲೋಮೀಟರ್ ಉದ್ದ. ಹವಳದ ಅಸ್ಥಿ ಅರಗೊನೈಟ್, ಕ್ಯಾಲ್ಸಿಯಂ ಕಾರ್ಬೊನೇಟಿನ ಬೇಗ ಕರಗುವ ರೂಪ. ಆಳಕ್ಕೆ ಹೋದಂತೆ ಒತ್ತಡ, ತಂಪು, ಕೊಳೆತದ್ದರಿಂದ ಬಂದ ಇಂಗಾಲ ಮೂರೂ ಸೇರಿ ಒಂದು ಗಡಿಯ ಕೆಳಗೆ ಅರಗೊನೈಟ್ ಕರಗತೊಡಗುತ್ತದೆ. ಆ ಗಡಿ ಈಗ ಮೇಲೇರುತ್ತಿದೆ. ದಿಬ್ಬ ಕಟ್ಟುವ ತಣ್ಣೀರ ಹವಳಗಳ ನೆಲೆಗಳಲ್ಲಿ ಸುಮಾರು ಶೇ. 70ರಷ್ಟು ಈ ಶತಮಾನದ ಅಂತ್ಯಕ್ಕೆ ಕರಗಿಸುವ ನೀರಿಗೆ ಸಿಗಬಹುದು ಎಂದು 2006ರಲ್ಲಿ ಜಾನ್ ಗಿನೋಟ್ ತಂಡ ಅಂದಾಜಿಸಿತು.

ಆಗ ಎಲ್ಲರೂ ಕೇಳಿದ್ದು, ಹವಳ ಬೆಳೆದೀತೇ? 2012ರಲ್ಲಿ ಜರ್ಮನಿಯ ಫಾರ್ಮ್ ಮತ್ತು ರೀಬೆಸೆಲ್ ಆರು ತಿಂಗಳು ಲೊಫೇಲಿಯಾವನ್ನು ಆಮ್ಲೀಕರಿಸಿದ ನೀರಿನಲ್ಲಿಟ್ಟು ನೋಡಿದರು. ಒಂದು ವಾರದ ಪ್ರಯೋಗದಲ್ಲಿ ಕುಗ್ಗಿದ್ದ ಬೆಳವಣಿಗೆ ಈ ದೀರ್ಘ ಪ್ರಯೋಗದಲ್ಲಿ ಕುಗ್ಗಲಿಲ್ಲ. ಜೀವಂತ ಹವಳ ಅಸ್ಥಿ ಕಟ್ಟುವ ಜಾಗದಲ್ಲಿ ಪಿಎಚ್ ಅನ್ನು ಹೊರಗಿನ ನೀರಿಗಿಂತ ಸುಮಾರು 0.6ರಿಂದ 0.8ರಷ್ಟು ಏರಿಸಿಕೊಳ್ಳಬಲ್ಲದು. ಅದಕ್ಕೆ ಶಕ್ತಿ ಬೇಕು, ಶಕ್ತಿಗೆ ಆಹಾರ ಬೇಕು.

ನನ್ನ ಪ್ರಕಾರ ಈ ಸಮಾಧಾನದಲ್ಲೇ ವಿಷಯದ ಮುಖ್ಯ ಭಾಗ ತಪ್ಪಿಹೋಗಿತ್ತು. ದಿಬ್ಬದಲ್ಲಿ ಜೀವ ಇರುವುದು ಮೇಲಿನ ತುದಿಗಳಲ್ಲಿ. ಕೆಳಗಿನದೆಲ್ಲ ಸತ್ತ ಹವಳ. ಮೀನು, ಏಡಿ, ಸ್ಪಂಜುಗಳಿಗೆ ಸಂದುಗೊಂದಿನ ಆಸರೆ ಕೊಡುವುದು ಅದೇ. ಅದರ ಮೇಲೆ ಜೀವಂತ ಚರ್ಮದ ಹೊದಿಕೆ ಇಲ್ಲ, ಪಿಎಚ್ ಏರಿಸುವವರೂ ಇಲ್ಲ. 2015ರಲ್ಲಿ ಸೆಬಾಸ್ಟಿಯನ್ ಹೆನ್ನಿಗೆ ಮತ್ತು ಸಂಗಡಿಗರು ಒಂದು ವರ್ಷದ ಪ್ರಯೋಗದ ಫಲಿತಾಂಶ ಕೊಟ್ಟರು: ಹವಳ ಬೆಳೆಯುತ್ತಲೇ ಇತ್ತು, ಬರಿದಾದ ಅಸ್ಥಿ ಮಾತ್ರ ಶೇ. 20ರಿಂದ 30ರಷ್ಟು ದುರ್ಬಲವಾಗಿತ್ತು. ದಕ್ಷಿಣ ಕ್ಯಾಲಿಫೋರ್ನಿಯಾದ ಕಡಲಲ್ಲಿ, ಈಗಾಗಲೇ ಅಂಥ ನೀರಿರುವ ಕಡೆ, ಸತ್ತ ಕೊಂಬೆಗಳು ಮುದಿ ಮೂಳೆಯಂತೆ ರಂಧ್ರಬಿದ್ದಿರುವುದನ್ನು 2020ರಲ್ಲಿ ವರದಿ ಮಾಡಿದರು. ತೆಳ್ಳಗಾದ ಬುಡ ಮೇಲಿನ ಭಾರಕ್ಕೆ ಮುರಿದರೆ ಜೀವಂತ ತುದಿಯೂ ಕೆಳಗೆ ಬೀಳುತ್ತದೆ.

ತಳ ಕೆರೆಯುವ ಬಲೆಗಳನ್ನು ನಾರ್ವೆ 1999ರಲ್ಲಿ ಸೂಲಾ ದಿಬ್ಬದಲ್ಲಿ ನಿಷೇಧಿಸಿತು. ಅದು ಆಗಲೇಬೇಕಿದ್ದ ಕೆಲಸ. ನೀರಿನ ರಸಾಯನಕ್ಕೆ ಮಾತ್ರ ಬೇಲಿ ಹಾಕಲಾಗದು. ಕೋಕ್ ಕುಲುಮೆಯಲ್ಲಿ ಒಂದು ಟನ್ ಉಕ್ಕಿಗೆ ಎರಡು ಟನ್‌ಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಬರುತ್ತದೆ. ಕಾರ್ಖಾನೆಗೆ ಸೌರ ವಿದ್ಯುತ್ ಕೊಟ್ಟ ಮಾತ್ರಕ್ಕೆ ಅದು ನಿಲ್ಲುವುದಿಲ್ಲ, ಏಕೆಂದರೆ ಅದಿರಿನಿಂದ ಆಮ್ಲಜನಕ ಕಿತ್ತುಕೊಳ್ಳುವುದು ಕೋಕ್‌ನ ಇಂಗಾಲವೇ. ಆ ಕೆಲಸವನ್ನು ಹೈಡ್ರೋಜನ್‌ಗೆ ವಹಿಸಿದರೆ ಹೊರಬರುವುದು ನೀರಿನ ಆವಿ. ಆ ಹೈಡ್ರೋಜನ್ನನ್ನು ಕಲ್ಲಿದ್ದಲು ಸುಡದೆ ತಯಾರಿಸುವ ವಿದ್ಯುತ್ ಎಲ್ಲಿಂದ, ಎಷ್ಟು ಬೆಲೆಗೆ ಎಂಬುದು ತೋರಣಗಲ್ಲಿನಂಥ ಊರುಗಳ ಮುಂದಿರುವ ನಿಜವಾದ ಲೆಕ್ಕ.